ಭೂತ ಯಾರೆಂದು ಅವ್ವನಿಗೆ ಹೇಳಬೇಡಿ

ಚಂದ್ರಣ್ಣ ಶೇಂಗಾ ಸುಲಿದು ಬೀಜವನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಬೀಜದ ಮೊರಕ್ಕೂ ಹಾಕುತ್ತಾ ಬಹಳ ಹೊತ್ತಾಗಿತ್ತು. ಯಾರೂ ಗಮನಿಸಿರಲಿಲ್ಲ. ಪಡಸಾಲೆಯಲ್ಲಿ ಕೂತಿದ್ದ ಓಣಿಯ ಹೆಂಗಸರ ಕೈ ಮಾತ್ರ ಶೇಂಗಾದಲ್ಲಿತ್ತು, ಕಣ್ಣು ಟೀವಿಯಲ್ಲಿತ್ತು. ಬಿತ್ತನೆಯ ಬೀಜವನ್ನು ಯಂತ್ರಕ್ಕೆ ಹಾಕಿದರೆ ಮೊಳಕೆಗೆ ಪೆಟ್ಟಾಗುತ್ತದೆ, ಕೈಯಲ್ಲೇ ಸುಲಿಯಬೇಕು ಎಂಬುದು ಚಂದ್ರಣ್ಣನ ಅವ್ವ ಕರಿಯಕ್ಕನ ಕಟ್ಟಪ್ಪಣೆ. ಸುಲಿಯುವಾಗ ಟೀವಿ ಹಾಕಿರಬೇಕು ಎಂಬುದೂ ಅವಳದೇ ಅಪ್ಪಣೆ.

ಟೀವಿಯಲ್ಲಿ 'ಭೂತ ಬಿಡಿಸೋ ಬಳಗ' ಬರುತ್ತಿತ್ತು. ಅದು ಯಾವುದೋ ದೂರದೇಶದ ಕಾರ್ಟೂನು. ಕರಿಯಕ್ಕ ಚಳ್ಳಕೆರೆಗೆ ಸೊಸೆಯಾಗಿ ಬಂದ ಕಾಲದಿಂದಲೂ ನಡೆಯುತ್ತಲೇ ಇದೆಯಂತೆ. ನಾಲ್ವರು ಹುಡುಗರು, ಒಂದು ಹಳೇ ವ್ಯಾನು, ಪುಕ್ಕ ಎಂಬ ಅಂಜುಬುರುಕ ನಾಯಿ. ಪ್ರತಿ ಸಲವೂ ಒಂದು ಭೂತ ಕಾಣಿಸುತ್ತದೆ, ಎಲ್ಲರೂ ಓಡುತ್ತಾರೆ, ಪುಕ್ಕ ಎಲ್ಲರಿಗಿಂತ ಮುಂದೆ ಓಡುತ್ತದೆ. ಕೊನೆಗೆ ಹೇಗೋ ಭೂತ ಬಲೆಗೆ ಬೀಳುತ್ತದೆ, ಮುಖವಾಡ ಕಿತ್ತರೆ ಒಳಗೆ ಯಾರೋ ಪರಿಚಯದ ಮನುಷ್ಯ. ಅಷ್ಟೇ ಕಥೆ. ಆ ದೇಶದವರು ಅಷ್ಟನ್ನೇ ಇಟ್ಟುಕೊಂಡು ಇಷ್ಟು ವರ್ಷ ಬದುಕು ಮಾಡಿದ್ದಾರೆಂದರೆ ಅವರ ತಾಳ್ಮೆಗೆ ಕೈ ಮುಗಿಯಬೇಕು.

"ಆ ಸಮುದ್ರದ ದೀಪದ ಮನೆ ಕಾಯೋ ಮುದುಕನೇ ಭೂತ," ಎಂದಳು ಚಂದ್ರಣ್ಣನ ಹೆಂಡತಿ ಪುಷ್ಪಲತಾ, ಕಾಯಿ ಒಡೆಯುತ್ತಾ.

ಮೂಲೆಯ ಮಂಚದಿಂದ ಒಂದು ಮೊರ ಹಾರಿ ಬಂತು.

"ಬಾಯಿ ಮುಚ್ಚೇ! ಕೊನೆ ಹೇಳಿದ್ರೆ ಈ ಮನೇಲಿ ನೀರು ಮುಟ್ಟಲ್ಲ ನಾನು," ಎಂದಳು ಕರಿಯಕ್ಕ.

"ನೀರು ಬೇಡ, ಊಟ ಮಾಡಿ ಸಾಕು."

"ನೀ ಮಾಡೋ ಒಗ್ಗರಣೆಗೆ ಊಟ ಬೇರೆ! ಎಣ್ಣೆ ಹಾಕ್ತೀಯೋ, ಎಣ್ಣೆ ಡಬ್ಬದ ನೆರಳು ಹಾಕ್ತೀಯೋ."

"ಡಾಕ್ಟ್ರು ಎಣ್ಣೆ ಕಮ್ಮಿ ಮಾಡು ಅಂದವ್ರೆ ಅತ್ತೆ."

"ಊರ ತುಂಬಾ ಎಣ್ಣೆ ಮಿಲ್ಲು, ನನ್ನ ಗಂಗಾಳದಾಗೆ ಒಂದು ತೊಟ್ಟಿಲ್ಲ. ಏನ್ ಕಾಲ ಬಂತಪ್ಪಾ."

ಕೊನೆ ಹೇಳಿದರೆ ಕರಿಯಕ್ಕನಿಗೆ ಇಷ್ಟು ಕೋಪ ಯಾಕೆ ಎಂದು ಕೇಳುವವರು ಆ ಓಣಿಯಲ್ಲಿ ಇರಲಿಲ್ಲ; ಎಲ್ಲರಿಗೂ ಗೊತ್ತಿತ್ತು. ಹಿಂದೊಮ್ಮೆ ಅವಳು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಆಪರೇಷನ್ ಆಯಿತು, ಮೂಳೆ ಕೂಡಿತು, "ಇನ್ನು ಏಳಬಹುದು" ಎಂದು ಡಾಕ್ಟರು ಹೇಳಿದರು. ಕರಿಯಕ್ಕ ಏಳಲಿಲ್ಲ. ಮಗ ಬೇಡಿಕೊಂಡ, ಸೊಸೆ ಬೈದಳು. ನೆಂಟರು ಜಟಿಂಗ ರಾಮೇಶ್ವರನಿಗೆ ಹರಕೆ ಹೊತ್ತು, "ಎದ್ದರೆ ನಿನ್ನನ್ನ ಬೆಟ್ಟ ಹತ್ತಿಸ್ತೀವಿ ಅವ್ವಾ" ಎಂದರು. ಹಾಗಾದರೆ ಏಳದಿರುವುದೇ ವಾಸಿ ಎಂದುಕೊಂಡಳು ಕರಿಯಕ್ಕ. ಹೀಗಿರುವಾಗ ಒಂದು ಸಂಜೆ ಭೂತ ಬಲೆಗೆ ಬಿದ್ದು, ಪುಕ್ಕ ಹಲ್ಲಿನಲ್ಲಿ ಮುಖವಾಡ ಕಚ್ಚಿ ಎಳೆಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಪುಷ್ಪಲತಾ ದೀಪ ಹಚ್ಚಿ ತಂದು ನೋಡಿದರೆ ಮಂಚ ಖಾಲಿ! ಕರಿಯಕ್ಕ ಗೋಡೆ ಹಿಡಿದು, ಬಾಗಿಲು ದಾಟಿ, ಎದುರುಮನೆಯಲ್ಲಿ ಇನ್ವರ್ಟರ್ ಇದೆಯೆಂದು ನೆನಪಿಟ್ಟುಕೊಂಡು ಅಲ್ಲಿಗೆ ನಡೆದುಹೋಗಿ, ಟೀವಿ ಮುಂದೆ ಕೂತಿದ್ದಳು. ಡಾಕ್ಟರು, ದೇವರು, ಸೊಸೆ ಮೂವರ ಕೈಲೂ ಆಗದ್ದನ್ನು ಒಂದು ನಾಯಿ ಮಾಡಿತ್ತು.

ಅವತ್ತೇ ಅವಳು ಮಗನಿಗೆ ಹೇಳಿದ್ದಳು. "ಚಂದ್ರ, ಆ ನಾಯಿಗೆ ಕನ್ನಡದಾಗೆ ದನಿ ಕೊಟ್ಟವ್ನಲ್ಲ, ಆ ಪುಣ್ಯಾತ್ಮಂಗೆ ಒಂದು ಕಾಗದ ಹಾಕೋ. ಅವ್ನ ಹೊಟ್ಟೆ ತಣ್ಣಗಿರ್ಲಿ ಅಂತ ಬರಿ."

ಚಂದ್ರಣ್ಣ ಅಂಚೆ ಕಚೇರಿಯಿಂದ ಲಕೋಟೆ ತಂದ. ಟೀವಿಯವರ ವಿಳಾಸವನ್ನು ಅಡುಗೆಮನೆಯ ಗೋಡೆಗೆ ಇದ್ದಿಲಿನಲ್ಲಿ ಬರೆದಿಟ್ಟ. ಆಮೇಲೆ ಮನೆಗೆ ಎರಡು ಸಲ ಸುಣ್ಣ ಹೊಡೆಸಿದರು. ಎರಡು ಸಲವೂ ಆ ವಿಳಾಸದ ಸುತ್ತ ಒಂದು ಚೌಕ ಬಿಟ್ಟೇ ಹೊಡೆಸಿದರು. ಲಕೋಟೆ ಹಳದಿಯಾಯಿತು, ಅದರ ಗೋಂದು ಒಣಗಿ ಉದುರಿತು. ಕಾಗದ ಮಾತ್ರ ಹೋಗಲಿಲ್ಲ.

ಮೊರ ಎಸೆದ ಮೇಲೆ ಕರಿಯಕ್ಕನಿಗೆ ಅದು ನೆನಪಾಯಿತು. "ಕಾಗದ ಹಾಕಿದೇನ್ಲೇ?"

"ಹಾಕ್ತೀನವ್ವಾ."

"ಹಾಕ್ತೀನಿ ಅಂತ ಎಷ್ಟು ಬಿತ್ತನೆ ಆಗೋಯ್ತು!"

ತಪ್ಪು ಚಂದ್ರಣ್ಣನದಲ್ಲ, ಅವನ ಪಾಂಡಿತ್ಯದ್ದು. ಎಣ್ಣೆ ಮಿಲ್ಲಿನಲ್ಲಿ ಹಿಂಡಿ ಮೂಟೆಯ ಬಾಯಿ ಹೊಲಿಯುವ ಕೆಲಸ ಅವನದು. ಆದರೆ 'ಬಳಗ'ದ ವಿಷಯದಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲೇ ತನ್ನಷ್ಟು ತಿಳಿದವರಿಲ್ಲ ಎಂದು ಅವನು ನಂಬಿದ್ದ. ಆ ಕಾರ್ಟೂನು ಮೊದಲು ಹೇಗಿತ್ತು, ಆಮೇಲೆ ನಿಜವಾದ ಮನುಷ್ಯರನ್ನೇ ಹಾಕಿ ಸಿನಿಮಾ ಮಾಡಿದಾಗ ನಾಯಿಯೊಂದನ್ನು ಮಾತ್ರ ಕಂಪ್ಯೂಟರಿನಲ್ಲಿ ಮಾಡಿ ಹೇಗೆ ಕೆಡಿಸಿದರು, ಚಿತ್ರಕಥೆಯ ಪುಸ್ತಕದಲ್ಲಿ ವ್ಯಾನಿನ ಬಣ್ಣ ಯಾಕೆ ಬೇರೆ, ಮೊಬೈಲ್ ಆಟದಲ್ಲಿ ಪುಕ್ಕ ಯಾಕೆ ಮಾತಾಡುವುದಿಲ್ಲ, ಇವನ್ನೆಲ್ಲ ಮೂಟೆ ಹೊಲಿಯುತ್ತಾ ಹಮಾಲರಿಗೆ ವಿವರಿಸುತ್ತಿದ್ದ. ಅವರು ಮೂಟೆ ಹೊತ್ತಿರುತ್ತಿದ್ದುದರಿಂದ ಓಡುವಂತಿರಲಿಲ್ಲ.

"ಅಷ್ಟು ದೊಡ್ಡ ಕಂಪನಿಗೆ ಬರೀ 'ಚೆನ್ನಾಗೈತೆ, ನಮಸ್ಕಾರ' ಅಂತ ಬರೆದ್ರೆ ಏನಂದ್ಕೊಂಡಾರವ್ವಾ? ನಮ್ಮದೂ ಒಂದು ಕಾಣಿಕೆ ಇರಬೇಕು," ಎಂದ.

"ಕಾಣಿಕೆ ಅಂತ ಎರಡು ಸೇರು ಶೇಂಗಾ ಕಳಿಸು."

ಅವ್ವನ ಸಲಹೆ ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಗಳಿಗೆಯಲ್ಲೇ ಚಂದ್ರಣ್ಣನ ತಲೆಗೆ ಒಂದು ಯೋಚನೆ ಬಂದುಬಿಟ್ಟಿತು. 'ಬಳಗ' ಟೀವಿಗೆ ಬಂದಿದೆ, ಸಿನಿಮಾಕ್ಕೆ, ಪುಸ್ತಕಕ್ಕೆ, ಮೊಬೈಲಿಗೆ ಬಂದಿದೆ. ಹಾರ್ಮೋನಿಯಂ ಇಟ್ಟು ಆಡುವ ನಮ್ಮ ನಾಟಕಕ್ಕೆ ಮಾತ್ರ ಬಂದಿಲ್ಲ! ತಾನೇ ಆಡಿಸುವುದು, ಫೋಟೋ ತೆಗೆಸುವುದು, ಕಾಗದದ ಜೊತೆ ಆ ಫೋಟೋ ಇಡುವುದು.

"ನಾಟಕ ಆಡಿಸ್ತೀನವ್ವಾ. ಆದದ್ದೇ ಮಾರನೇ ದಿನ ಕಾಗದ."

ಕರಿಯಕ್ಕ ಸ್ವಲ್ಪ ಯೋಚಿಸಿದಳು. "ಆಡ್ಸು. ಆದ್ರೆ ಭೂತ ಯಾರು ಅಂತ ಕೊನೇತನ್ಕ ನನ್ನ ಕಿವೀಗೆ ಬೀಳಬಾರ್ದು. ಬಿತ್ತೋ, ನಾ ಬರಲ್ಲ. ನಿನ್ನ ಕಾಗದಾನೂ ಬ್ಯಾಡ."

ನಾಟಕದ ಹೆಸರು 'ಎಣ್ಣೆ ಮಿಲ್ಲಿನ ಭೂತ'. ಮಿಲ್ಲಿನ ಸಾಹುಕಾರರು ಕಾಯಿ ಒಣಗಿಸುವ ಕಣವನ್ನು ಆಟಕ್ಕೆ ಬಿಟ್ಟುಕೊಟ್ಟರು. ಪುಕ್ಕನ ಪಾತ್ರ ಚಂದ್ರಣ್ಣನದೇ. ಹೆತ್ತ ತಾಯಿಯ ಮುಂದೆ ನಾಯಿಯಾಗುವುದಕ್ಕೆ ಯಾರಾದರೂ ಹಿಂಜರಿಯಬಹುದು. ಅವನು ಕಂಬಳಿಯ ಅಂಗಿ ಹೊಲಿಸಲು ಕೊಟ್ಟ. ಭೂತದ ಮುಖವಾಡವನ್ನು ತಾನೇ ಹಿಂಡಿಯ ಗೋಣಿಚೀಲ ಕತ್ತರಿಸಿ ದಬ್ಬಳದಲ್ಲಿ ಹೊಲಿದ. ವ್ಯಾನು ಓಡಿಸುವ ಪಾತ್ರಕ್ಕೆ ಫ್ಲೆಕ್ಸ್ ಅಂಗಡಿಯ ಪ್ರದೀಪ್ ಸಿಕ್ಕ. ಇನ್ನು ಭೂತ. ಚಳ್ಳಕೆರೆಯವರಾದರೆ ನಡಿಗೆ ನೋಡಿಯೇ ಜನ ಗುರುತು ಹಿಡಿಯುತ್ತಾರೆ, ಹೊರಗಿನವನೇ ಬೇಕು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಮಗ್ಗದ ಕೆಲಸ ಮಾಡುವ ಹೆಂಡತಿಯ ತಮ್ಮ ನಾಗಭೂಷಣನ ಬಳಿಗೆ ಹೋದ.

ನಾಗಭೂಷಣ ಮಗ್ಗದ ಗುಂಡಿಯಿಂದ ಕಾಲೆತ್ತದೆ ಕೇಳಿದ. "ಮಾತು ಎಷ್ಟೈತೆ ಭಾವ?"

"ಒಂದೂ ಇಲ್ಲ. ಬರೀ ನರಳೋದು."

"ಹಂಗಾದ್ರೆ ಬರ್ತೀನಿ. ಈ ಸೆರಗು ನೇಯ್ತಾ ಅದನ್ನೇ ಅಭ್ಯಾಸ ಮಾಡ್ತಿದೀನಿ."

ಚಂದ್ರಣ್ಣ ಖುಷಿಯಿಂದ ಚಳ್ಳಕೆರೆಯ ಖಾಸಗಿ ಬಸ್ಸು ಹತ್ತಿದ. ಆ ಬಸ್ಸಿನ ಸದ್ದಿನಲ್ಲಿ ಫೋನಿನಲ್ಲಿ ಗುಟ್ಟು ಹೇಳಬೇಕೆಂದರೆ ಕೂಗಿಯೇ ಹೇಳಬೇಕು. ಪ್ರದೀಪ್‌ಗೆ ಫೋನ್ ಮಾಡಿ ಕೂಗಿದ:

"ಎಣ್ಣೆ ಮಿಲ್ಲಿನ ಭೂತ ಬೇರೆ ಯಾರೂ ಅಲ್ಲ ಕಣೋ, ನಮ್ಮ ಬಾಮೈದ ನಾಗಭೂಷಣ! ಹೂಂ, ಮೊಳಕಾಲ್ಮೂರ್ನೋನೇ. ಎಣ್ಣೆ ಡಬ್ಬ ಎಲ್ಲಾ ಸಾಗಿಸ್ತಿದ್ದದ್ದು ಅವನೇ. ಕೊನೇಗೆ ಎಲ್ರ ಮುಂದೆ ಸಿಕ್ಕಿಬೀಳ್ತಾನೆ. ಅಲ್ಲೀತನ್ಕ ಅವ್ವಂಗೆ ಮಾತ್ರ ಹೇಳಬ್ಯಾಡ, ಎದೆ ಒಡ್ಕಂತಾಳೆ!"

ಬಸ್ಸಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು, ಡ್ರೈವರೂ ಹಾಡು ನಿಲ್ಲಿಸಿ ಹಿಂದೆ ತಿರುಗಿ ನೋಡಿದ. ಹಿಂದಿನ ಸೀಟಿನ ಹೆಂಗಸು ಪಕ್ಕದವಳಿಗೆ, "ದೊಂಗ ಅಂಟ" ಎಂದಳು. ಗಡಿಯ ಕಡೆ ಕಳ್ಳನನ್ನು ತೆಲುಗಿನಲ್ಲಿ ಹೇಳಿದರೆ ತೂಕ ಒಂದಿಷ್ಟು ಹೆಚ್ಚು. ಎರಡು ಸೀಟು ಮುಂದೆ ಟವೆಲು ಹೊದ್ದು ತೂಕಡಿಸುತ್ತಿದ್ದ ಒಬ್ಬರು ಮಾತ್ರ ತಿರುಗಲಿಲ್ಲ. ಟವೆಲಿನೊಳಗೇ ಬೆವತರು. ಅವರು ಪರಶುರಾಂಪುರದ ತಿಪ್ಪೇರುದ್ರಪ್ಪ, ಕುರಿ ವ್ಯಾಪಾರದವರು. ತಮ್ಮ ಮಗಳು ಮಾಲತಿಯನ್ನು ಇದೇ ನಾಗಭೂಷಣನಿಗೆ ಕೊಡುವ ಮಾತಾಗಿ, ಎಲೆ ಅಡಿಕೆ ಬದಲಾಯಿಸುವುದೊಂದೇ ಬಾಕಿ ಇತ್ತು.

ಮಾರನೇ ದಿನದಿಂದ ಚಂದ್ರಣ್ಣನ ಮನೆಗೆ ಜನ ಬರತೊಡಗಿದರು. ಕರಿಯಕ್ಕನ ಮಂಚದ ಎದುರು ಕೂತು ಅವಳ ಮುಖ ನೋಡಿ ಉಸ್ಸೆಂದು ಉಸಿರು ಬಿಟ್ಟು, ಬಾಳೆಹಣ್ಣಿನ ಚಿಪ್ಪು ಇಟ್ಟು, "ಧೈರ್ಯವಾಗಿರವ್ವಾ" ಎಂದು ಎದ್ದು ಹೋಗುತ್ತಿದ್ದರು. ಒಬ್ಬಳಂತೂ ಕರಿಯಕ್ಕನ ಕಾಲು ಮುಟ್ಟಿ ಅತ್ತುಬಿಟ್ಟಳು.

ಕರಿಯಕ್ಕ ಮಗನನ್ನು ಹತ್ತಿರ ಕರೆದಳು. "ಲೇ ಚಂದ್ರ, ನಿಜ ಹೇಳು. ನನಗೇನಾರ ಆಗೈತೇನೋ? ಡಾಕ್ಟ್ರು ಏನಾರ ಅಂದ್ರಾ?"

"ಏನೂ ಇಲ್ಲವ್ವಾ. ನಾಟಕದ ಸುದ್ದಿ ಹಬ್ಬೈತೆ. ಅದಕ್ಕೇ ಪ್ರೀತಿಗೆ ಬರ್ತವ್ರೆ."

ಇದು ಸುಳ್ಳಲ್ಲ, ಅವನು ಹಾಗೆಂದೇ ತಿಳಿದಿದ್ದ. ಬಾಗಿಲಲ್ಲಿ ಯಾರಾದರೂ ಪಿಸುದನಿಯಲ್ಲಿ, "ನಾಗಭೂಷಣಂದು ನಿಜಾನಾ ಚಂದ್ರಣ್ಣಾ?" ಎಂದರೆ ಅವನ ಮುಖ ಅರಳುತ್ತಿತ್ತು.

"ನಿಮಗೂ ಗೊತ್ತಾಗಿಹೋಯ್ತಾ? ನೂರಕ್ಕೆ ನೂರು ನಿಜ. ಹುಡುಗ ಏನು ಪಳಗವ್ನೆ ಅಂತೀರಿ! ನಾನೇ ಕೂತು ಕಲಿಸಿದ್ದು."

"ನೀವೇ ಕಲಿಸಿದ್ರಾ?"

"ಮುಖವಾಡಾನೂ ನಾನೇ ಹೊಲಿದುಕೊಟ್ಟೆ. ಅವ್ವನ ಮುಂದೆ ಮಾತ್ರ ಎತ್ತಬ್ಯಾಡಿ."

ಬಂದವರು ಬಾಳೆಹಣ್ಣನ್ನು ವಾಪಸ್ ತೆಗೆದುಕೊಂಡು ಹೋಗುವಷ್ಟು ಬೆಚ್ಚಿಬೀಳುತ್ತಿದ್ದರು.

ಸುದ್ದಿ ಮಿಲ್ಲಿಗೂ ಮುಟ್ಟಿತು. ಸಾಹುಕಾರರು ಕಣವೇನೋ ಕೊಟ್ಟಿದ್ದರು, ನಾಟಕದ ಹೆಸರು ಕೇಳುವ ಪುರಸೊತ್ತು ಅವರಿಗೆ ಇರಲಿಲ್ಲ. ಗೋದಾಮಿನ ಡಬ್ಬಗಳನ್ನು ಎಣಿಸಿದರು. ಒಂದೂ ಕಡಿಮೆ ಇರಲಿಲ್ಲ. ಮತ್ತೆ ಎಣಿಸಿದರು. ಆಗಲೂ ಸರಿಯಾಗಿತ್ತು. "ಕದ್ದರೂ ಕಮ್ಮಿಯಾಗದಂಗೆ ಕದ್ದವ್ನೆ ಅಂದ್ರೆ ಎಷ್ಟು ಚಾಲಾಕಿ ಕಳ್ಳ ಇರಬೇಕು!" ಎಂದು ಗಾಬರಿಗೊಂಡು ಠಾಣೆಗೆ ಹೇಳಿಕಳಿಸಿದರು.

ಹೆಡ್ ಕಾನ್‌ಸ್ಟೇಬಲ್ ಹನುಮಂತರಾಜು ಸಂಜೆ ಬೈಕಿನಲ್ಲಿ ಬಂದರು. ಚಂದ್ರಣ್ಣ ಅವರನ್ನು ಅವ್ವನ ಕಣ್ಣಿಗೆ ಬೀಳದಂತೆ ಹಿತ್ತಿಲಿಗೆ ಕರೆದೊಯ್ದು ಕಲ್ಲಿನ ಮೇಲೆ ಕೂರಿಸಿದ. ಹಿತ್ತಿಲಿಗೆ ಕರೆದೊಯ್ದದ್ದೇ ಅವರಿಗೆ ಮೊದಲ ಸಾಕ್ಷಿಯಾಯಿತು.

"ನೋಡಪ್ಪಾ ಚಂದ್ರಣ್ಣ, ಮುಚ್ಚುಮರೆ ಬೇಡ. ಎಣ್ಣೆ ಮಿಲ್ಲಿನ ಭೂತದ ವಿಷಯ."

"ಬನ್ನಿ ಸಾರ್, ನಾನೇ ಠಾಣೆಗೆ ಬರಬೇಕು ಅಂತಿದ್ದೆ! ಕೊನೇಗೆ ಪೊಲೀಸ್ನೋರು ಬಂದು ಹಿಡಕಂಡು ಹೋದ್ರೇನೆ ಅದಕ್ಕೊಂದು ಕಳೆ. ಬರೋ ಶನಿವಾರ ನೀವೇ ಬಂದುಬಿಡಿ."

"ಶನಿವಾರ ಕಳ್ಳತನ ಐತಾ?"

"ಹೂಂ ಸಾರ್. ಏಳಕ್ಕೆ ಶುರು. ಒಂಬತ್ತರ ಒಳಗೆ ಸಿಕ್ಕಿಬೀಳ್ತಾನೆ, ಅವ್ವ ಒಂಬತ್ತಕ್ಕೆ ಮಲಗ್ತಾಳಲ್ಲ."

ಹನುಮಂತರಾಜು ಟೋಪಿ ತೆಗೆದು ತಲೆ ಕೆರೆದುಕೊಂಡರು. ಅವರ ಸರ್ವಿಸ್ಸಿನಲ್ಲಿ ಇಷ್ಟು ಅನುಕೂಲದ ಕಳ್ಳ ಸಿಕ್ಕಿರಲಿಲ್ಲ.

"ಸಾಕ್ಷಿ?"

"ಎಷ್ಟು ಜನ ಬೇಕು ಸಾರ್? ಇಡೀ ಊರೇ ನೋಡ್ತದೆ. ಸಾಹುಕಾರ್ರಿಗೆ ಮುಂದಿನ ಸಾಲು ಕುರ್ಚಿ. ಹಾರ್ಮೋನಿಯಂನೋರಿಗೂ ಹೇಳಿದೀನಿ."

"ಹಾರ್ಮೋನಿಯಂ ಯಾಕೋ?"

ಹಾರ್ಮೋನಿಯಂ ಮಾತಿಗೆ ಬಂದ ಮೇಲೆ ಎಲ್ಲ ಬಿಡಿಸಿ ಹೇಳಬೇಕಾಯಿತು. ಹನುಮಂತರಾಜು ಬಹಳ ಹೊತ್ತು ನಕ್ಕು, ಆಮೇಲೆ ಗಂಭೀರವಾಗಿ, ನಾಟಕದಲ್ಲಿ ತಮಗೆ ಮಾತೆಷ್ಟಿದೆ ಎಂದು ಕೇಳಿದರು.

ಆದರೆ ಸುದ್ದಿ ಬಸ್ಸಿನಲ್ಲಿ ಹೋಗುತ್ತದೆ, ಸಮಜಾಯಿಷಿ ಕಾಲುನಡಿಗೆಯಲ್ಲಿ ಬರುತ್ತದೆ. ಮಾರನೇ ಬೆಳಿಗ್ಗೆ ತಿಪ್ಪೇರುದ್ರಪ್ಪನವರು ಬಾಗಿಲಿಗೆ ಬಂದು, ಒಳಗೆ ಕಾಲಿಡದೆ ನಿಂತು, "ಸಂಬಂಧ ಬ್ಯಾಡ ಅನ್ನೋಕೆ ಬಂದೆ" ಎಂದರು. ಪುಷ್ಪಲತಾಳ ಕೈಯ ನೀರಿನ ಚೊಂಬು ಕೆಳಗೆ ಬಿತ್ತು. ಅವರನ್ನೂ ಹಿತ್ತಿಲಿಗೆ ಕರೆದೊಯ್ದು, ಅದೇ ಕಲ್ಲಿನ ಮೇಲೆ ಕೂರಿಸಿ, ಮುಖವಾಡ ತೋರಿಸಿ, ಎಲ್ಲವನ್ನೂ ಹೇಳಿದರು. ತಿಪ್ಪೇರುದ್ರಪ್ಪನವರು ಮುಖವಾಡವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನಾಟಕಾನಾ? ಸರಿ ಬಿಡಿ, ಜೀವ ಬಂತು. ಆದ್ರೂ ಬ್ಯಾಡ."

"ಯಾಕೆ ಅಣ್ಣಾ?" ಎಂದಳು ಪುಷ್ಪಲತಾ.

"ಬಸ್ಸಾಗೆ ಬರೀ ಬಾಯಾಗೆ ಅಂದಿದ್ದಕ್ಕೇ ನಮ್ಮ ನೆಂಟರು ಮೂರು ಊರಿಂದ ಫೋನ್ ಮಾಡಿದ್ರು ತಾಯಿ. ಇನ್ನು ಜನದ ಮುಂದೆ ಮುಖವಾಡ ಕಿತ್ತು, 'ಇವನೇ ಕಳ್ಳ' ಅಂತ ತೋರಿಸಿದ್ರೆ? ಅದು ಆಟ ಅಂತ ಮನೆಮನೆಗೆ ಹೋಗಿ ಹೇಳ್ಲಾ? ಹುಡುಗನ ಮುಖ ಅಲ್ಲಿ ಕಾಣಿಸ್ತೋ, ಎಲೆ ಅಡಿಕೆ ಇಲ್ಲ."

ಅವರು ಹೋದ ಮೇಲೆ ಪುಷ್ಪಲತಾ ಗಂಡನಿಗೆ ಒಂದೇ ಮಾತು ಹೇಳಿದಳು. "ನನ್ನ ತಮ್ಮನ ಸಂಬಂಧ ಮುರೀತೋ, ಆ ನಾಯಿ ಅಂಗಿ ಬಿಚ್ಚಬ್ಯಾಡಿ. ಬಾಗಿಲಾಚೆ ಮಲಗೋಕೆ ಅನುಕೂಲ ಆಗ್ತದೆ."

ಚಂದ್ರಣ್ಣ ಬೇರೆ ಭೂತ ಹುಡುಕಲು ಹೊರಟ. ಆಗ ಗೊತ್ತಾಯಿತು, ನಮ್ಮ ಸೀಮೆಯಲ್ಲಿ ಕಳ್ಳ ಸಿಗುವುದು ಎಷ್ಟು ಕಷ್ಟ ಎಂದು. ಪೌರಾಣಿಕ ನಾಟಕದಲ್ಲಿ ಕೆಟ್ಟ ರಾಜನ ಪಾತ್ರಕ್ಕೆ ಪ್ರತಿವರ್ಷ ಜಗಳವಾಡುತ್ತಿದ್ದ ಕಾಟಪ್ಪನನ್ನು ಕೇಳಿದ. ಕಾಟಪ್ಪ ಮೀಸೆ ಹುರಿಮಾಡಿ ಹೇಳಿದ:

"ಲೇ ಚಂದ್ರ, ರಾಜನ ಪಾತ್ರ ಕೊಡು, ತುಂಬಿದ ಸಭೇಲಿ ಹೆಣ್ಣುಮಗಳ ಸೀರೆ ಎಳಿಸ್ತೀನಿ, ತೊಡೆ ತಟ್ತೀನಿ, ಭೂಮಿ ಪೂರಾ ನುಂಗ್ತೀನಿ. ಜನ ಹಾರ ಹಾಕ್ತಾರೆ. ಎಣ್ಣೆ ಡಬ್ಬ ಕದ್ದೆ ಅಂದ್ರೆ ಏನಪ್ಪ ಮರ್ಯಾದೆ? ನಾಳೆ ಕಿರಾಣಿ ಅಂಗ್ಡೀಲಿ ನನ್ನ ಕೈ ನೋಡ್ತಾರೆ!"

ಎಲ್ಲರದೂ ಅದೇ ಮಾತು. ರಾಜ್ಯ ನುಂಗಲು ಓಣಿಯೆಲ್ಲ ಸಿದ್ಧ, ಒಂದು ಡಬ್ಬ ಎಣ್ಣೆಗೆ ಒಬ್ಬನೂ ಇಲ್ಲ. ತಾನೇ ಭೂತವಾಗೋಣವೆಂದರೆ ಭೂತವನ್ನು ಹಿಡಿಯುವ ನಾಯಿ ಯಾರು? ಸಾಹುಕಾರರನ್ನು ಕೇಳುವ ಧೈರ್ಯ ಬರಲಿಲ್ಲ. ಹನುಮಂತರಾಜು, "ನಾನೇ ಹಿಡಿಯೋನು, ನಾನೇ ಕದಿಯೋದಾ? ಜನ ನಿಜ ಅಂದ್ಕಂಬಿಟ್ರೆ?" ಎಂದರು. ಬೇರೆ ದಾರಿ ಕಾಣದೆ, ಮುಖವಾಡ ಕೀಳುವ ಹೊತ್ತಿಗೆ ಏನಾದರೂ ಹೊಳೆದೀತು ಎಂದು ಚಂದ್ರಣ್ಣ ನಾಗಭೂಷಣನನ್ನೇ ಉಳಿಸಿಕೊಂಡ.

ಇಷ್ಟು ಸಾಲದೆಂಬಂತೆ, ನಾಗಭೂಷಣನ ಮೇಲೆ ಬಂದ ಅಪವಾದ ತೊಳೆಯುತ್ತೇನೆಂದು ಪ್ರದೀಪ್ ಯಾರನ್ನೂ ಕೇಳದೆ ಒಂದು ಭಾರಿ ಫ್ಲೆಕ್ಸ್ ಮುದ್ರಿಸಿ, ಚಂದ್ರಣ್ಣನ ಮನೆಯ ಎದುರೇ ಕಟ್ಟಿಬಿಟ್ಟ. ಕೈ ಮುಗಿದ ನಾಗಭೂಷಣನ ಆಳೆತ್ತರದ ಚಿತ್ರ. ಕೆಳಗೆ, 'ಎಣ್ಣೆ ಮಿಲ್ಲಿನ ಭೂತದ ಪಾತ್ರದಲ್ಲಿ ಅಭಿನಯಿಸುತ್ತಿರುವ ಕಲಾರತ್ನ ನಾಗಭೂಷಣ ಇವರಿಗೆ ಹಾರ್ದಿಕ ಶುಭಾಶಯಗಳು.'

"ಅಯ್ಯೋ, ಕೊನೇನ ಬಾಗಿಲಿಗೇ ಕಟ್ಟಿದಿಯಲ್ಲೋ!" ಎಂದು ಚಂದ್ರಣ್ಣ ಬಾಯಿ ಬಡಿದುಕೊಂಡ.

"ಅವ್ವಂಗೆ ಓದೋಕೆ ಬರಲ್ವಲ್ಲ."

"ಹೌದಲ್ಲ," ಎಂದು ಚಂದ್ರಣ್ಣ ಸಮಾಧಾನಗೊಂಡ.

"ಯಾರು ಹೇಳಿದ್ದು?" ಎಂದಳು ಪುಷ್ಪಲತಾ. "ಮನೇ ಕುರಿ ಮಾರಿದ ಮೇಲೆ ಅತ್ತೆ ರಾತ್ರಿ ಶಾಲೆಗೆ ಹೋಗ್ತಿದ್ದದ್ದು ಮರೆತ್ರಾ? ಬಸ್ಸಿನ ಬೋರ್ಡು ನನಗಿಂತ ಮುಂಚೆ ಓದ್ತಾರೆ."

ಚಂದ್ರಣ್ಣ ಓಡಿಹೋಗಿ ಕೈಗೆ ಸಿಕ್ಕ ಕಂಬಳಿಯನ್ನು ತಂದು, ಒಣಹಾಕಿದಂತೆ ಫ್ಲೆಕ್ಸಿನ ಅಕ್ಷರಗಳ ಮೇಲೆ ಹೊದಿಸಿದ. ಸಿಕ್ಕದ್ದು ಅವ್ವನ ಕಂಬಳಿ ಎಂಬುದನ್ನು ಅವನು ನೋಡಲಿಲ್ಲ. ಸಂಜೆ ಗಾಳಿ ಎದ್ದಾಗ ಕರಿಯಕ್ಕ ಕಂಬಳಿ ಹುಡುಕಿಕೊಂಡು ಹೊರಗೆ ಬಂದಳು, ಎಳೆದುಕೊಂಡಳು, ಹೊದ್ದುಕೊಂಡಳು. ತಲೆ ಎತ್ತಿ ಒಂದೊಂದೇ ಅಕ್ಷರ ಕೂಡಿಸಿ, ಪೂರ್ತಿ ಓದಿದಳು.

ಚಂದ್ರಣ್ಣ ಹೊಸ್ತಿಲಲ್ಲಿ ಕಲ್ಲಾಗಿ ನಿಂತಿದ್ದ. "ಅವ್ವಾ..."

"ಗಾಳಿ ಜಾಸ್ತಿ ಐತೆ," ಎಂದಳು ಕರಿಯಕ್ಕ. ಒಳಗೆ ಹೋಗಿ ಮಲಗಿದಳು. ಬೈಯಲಿಲ್ಲ, ಮೊರ ಎಸೆಯಲಿಲ್ಲ, ನೀರು ಕುಡಿಯುವುದನ್ನೂ ಬಿಡಲಿಲ್ಲ. ಚಂದ್ರಣ್ಣನಿಗೆ ಅದಕ್ಕೇ ಹೆಚ್ಚು ಭಯವಾಯಿತು.

ಶನಿವಾರ ಮಿಲ್ಲಿನ ಕಣ ತುಂಬಿತು. ಚಂದ್ರಣ್ಣ ಕಂಬಳಿಯ ಅಂಗಿಯೊಳಗೆ ಬೇಯುತ್ತಾ ಪರದೆಯ ಸಂದಿನಿಂದ ನೋಡಿದ. ಮುಂದಿನ ಸಾಲಿನಲ್ಲಿ ಸಾಹುಕಾರರು, ಅವರ ಪಕ್ಕ ತಿಪ್ಪೇರುದ್ರಪ್ಪನವರು, ಅವರ ಪಕ್ಕದ ಕುರ್ಚಿಯಲ್ಲಿ ಅವ್ವ! ಸೀರೆಯ ಮೇಲೆ ಕಂಬಳಿ ಹೊದ್ದು, ಮೂಗಿನತನಕ ಮುಸುಕೆಳೆದು ಕೂತಿದ್ದಳು. ಕೊನೆ ಗೊತ್ತಿದ್ದೂ ಬಂದಳಲ್ಲ ಎಂದು ಅವನಿಗೆ ಕಣ್ಣು ತುಂಬಿತು. ನಾಯಿಯಾದವನು ಅಳುವಂತಿಲ್ಲವಾದ್ದರಿಂದ ಮೂಗು ಒರೆಸಿಕೊಂಡ.

ಆಟ ಚೆನ್ನಾಗಿಯೇ ನಡೆಯಿತು. ರಟ್ಟಿನ ವ್ಯಾನು ಬಂತು, ಪುಕ್ಕ ಹೆದರಿತು, ಹಾರ್ಮೋನಿಯಂ ಕೂಗಿತು. ಆಮೇಲೆ ಗೋಣಿ ಮುಖವಾಡದ ಭೂತ ಬಂತು. ಆಹಾ, ಎಂಥ ನಡಿಗೆ! ಒಂದು ಕಾಲು ಎಳೆಯುತ್ತಾ, ಕೋಲೂರುತ್ತಾ, ನಿಂತು ನಿಂತು, ನಿಜಕ್ಕೂ ಮೈಮೂಳೆಯಲ್ಲೆಲ್ಲ ನೋವಿದ್ದಂತೆ ನರಳುತ್ತಾ ಬಂತು. ಶಿ‍ಳ್ಳೆ ಬಿತ್ತು. 'ಬಾಮೈದ ಮಗ್ಗದಲ್ಲಿ ಕೂತು ಕೆಟ್ಟ, ನಾಟಕ ಕಂಪನಿ ಸೇರಬೇಕಿತ್ತು' ಎಂದುಕೊಂಡ ಚಂದ್ರಣ್ಣ. ಅಟ್ಟಿಸಿಕೊಂಡು ಹೋಗುವ ದೃಶ್ಯದಲ್ಲಿ ಮಾತ್ರ ಭೂತ ಎಷ್ಟು ನಿಧಾನವಾಗಿ ಓಡಿತೆಂದರೆ ನಾಯಿ ಅದಕ್ಕಿಂತ ನಿಧಾನವಾಗಿ ಓಡಲು ಅಂಬೆಗಾಲಿಡಬೇಕಾಯಿತು. ನಡುವೆ ಭೂತ ಎಣ್ಣೆ ಡಬ್ಬದ ಮೇಲೆ ಕೂತು ದಣಿವಾರಿಸಿಕೊಂಡಿತು. ನಾಯಿ ಹತ್ತಿರ ಹೋದಾಗ ಕೋಲಿನಿಂದ ಬೆನ್ನಿಗೆ ನಿಜವಾಗಿಯೇ ಬಾರಿಸಿತು. ಜನ ಬಿದ್ದು ಬಿದ್ದು ನಕ್ಕರು.

ಕೊನೆಗೆ ಬಲೆ ಬಿತ್ತು. ಹಾರ್ಮೋನಿಯಂ ನಿಂತಿತು. ಹನುಮಂತರಾಜು ಇಸ್ತ್ರಿ ಮಾಡಿದ ಯೂನಿಫಾರಂನಲ್ಲಿ ಬಂದು ನಿಂತರು. ಇನ್ನು ಪುಕ್ಕ ಮುಖವಾಡ ಕಚ್ಚಿ ಎಳೆಯಬೇಕು.

ಚಂದ್ರಣ್ಣನ ಹಲ್ಲು ಗೋಣಿಯ ಅಂಚಿಗೆ ತಾಗಿತ್ತು. ಕಣ್ಣು ಮುಂದಿನ ಸಾಲಿನ ಕಡೆ ಹೋಯಿತು. ತಿಪ್ಪೇರುದ್ರಪ್ಪನವರು ಟವೆಲು ಹಿಂಡುತ್ತಾ ಕೂತಿದ್ದರು. ಪರದೆಯ ಹಿಂದಿನಿಂದ ಪುಷ್ಪಲತಾಳ ಬಳೆಯ ಸದ್ದು ಬಂತು. ಎಳೆದರೆ ಬಾಮೈದನ ಮದುವೆ ಹೋಯಿತು. ಎಳೆಯದಿದ್ದರೆ ನಾಟಕವೇ ಹೋಯಿತು. ನಾಯಿ ಬಾಯಿಬಿಟ್ಟು ಮನುಷ್ಯನಂತೆ ಎದ್ದು ನಿಂತು ಕೈಮುಗಿಯಿತು.

"ಮಹಾಜನಗಳೇ, ಈ ಸಲ ಭೂತ ಭೂತವಾಗೇ ಇರ್ಲಿ. ಪಾಪ, ಬಿಟ್ಬಿಡಾಣ."

"ಏಯ್!" ಎಂದು ಇಡೀ ಕಣ ಎದ್ದಿತು. "ಎಳೀಲೇ ನಾಯಿ! ಅದಕ್ಕೇ ಕೂತೀವಿ ನಾವು!"

"ಎಳಿ ಚಂದ್ರಣ್ಣ, ನಾನು ಅರೆಸ್ಟ್ ಮಾಡೋದು ಬೇಡ್ವಾ?" ಎಂದು ಹನುಮಂತರಾಜು ಹಲ್ಲು ಕಡಿದರು.

ಆಗ ಗೋಣಿಯ ಒಳಗಿನಿಂದ ಒಂದು ದನಿ ಮೆಲ್ಲಗೆ ಬಂತು. "ಎಳೆಯೋ ಮುಂಡೇದೇ, ಉಸಿರು ಕಟ್ಟೈತೆ. ಹಿಂಡಿ ವಾಸ್ನೆ ಬ್ಯಾರೆ."

ಆ ದನಿಯನ್ನು ಚಂದ್ರಣ್ಣ ಹುಟ್ಟಿದಾಗಿನಿಂದ ಕೇಳಿದ್ದ. ಕೈ ತಾನಾಗಿಯೇ ಹೋಗಿ ಮುಖವಾಡ ಎಳೆಯಿತು.

ಕೆದರಿದ ಬಿಳಿ ಕೂದಲು, ಗೋಣಿನಾರು ಅಂಟಿದ ಮೂಗುಬೊಟ್ಟು, ಬೊಚ್ಚುಬಾಯಿ ತುಂಬಾ ನಗು. ಕರಿಯಕ್ಕ!

ನಾಯಿ ಮುಖವಾಡವನ್ನು ಮೂಸಿ ಮತ್ತೆ ಅವ್ವನ ಮುಖ ನೋಡಿತು. ಅಷ್ಟು ವರ್ಷ ಅಷ್ಟು ಭೂತಗಳನ್ನು ಮೊದಲೇ ಊಹಿಸಿದ್ದ ಪಂಡಿತನಿಗೆ ಈ ಭೂತ ಮಾತ್ರ ಕೊನೆಯವರೆಗೂ ಗೊತ್ತಾಗಿರಲಿಲ್ಲ.

ಕರಿಯಕ್ಕ ಕೋಲೂರಿ ಮುಂದೆ ಬಂದಳು. "ಹೂಂನ್ರಪ್ಪಾ, ಎಣ್ಣೆ ಕದ್ದೋಳು ನಾನೇ. ಯಾಕೆ ಅಂತ ಕೇಳ್ರಿ. ನನ್ನ ಸೊಸೆ ಒಗ್ಗರಣೆಗೆ ಎಣ್ಣೆ ಹಾಕಲ್ಲ!"

ಬಿದ್ದ ನಗೆಗೆ ಮಿಲ್ಲಿನ ಸೂರಿನ ಪಾರಿವಾಳಗಳೆಲ್ಲ ಹಾರಿಹೋದವು. ಪುಷ್ಪಲತಾ ಪರದೆ ಹಿಡಿದುಕೊಂಡು ನಗುತ್ತಾ, ಅಳುತ್ತಾ ನಿಂತಳು. ಹನುಮಂತರಾಜು ಬಂಧಿಸುವುದನ್ನು ಮರೆತು ಸೆಲ್ಯೂಟ್ ಹೊಡೆದರು. ಸಾಹುಕಾರರು ಎದ್ದು, "ಒಂದು ಡಬ್ಬ ಅವ್ವನ ಮನೆಗೆ!" ಎಂದು ಕೂಗಿದರು.

ತಿಪ್ಪೇರುದ್ರಪ್ಪನವರು ಮಾತ್ರ ನಗಲಿಲ್ಲ. ಅವರು ವೇದಿಕೆಯ ಮೇಲಿನ ಕರಿಯಕ್ಕನನ್ನೂ ತಮ್ಮ ಪಕ್ಕದ ಕುರ್ಚಿಯ ಕರಿಯಕ್ಕನನ್ನೂ ಸರದಿಯ ಮೇಲೆ ನೋಡುತ್ತಿದ್ದರು. ಪಕ್ಕದ ಮುಸುಕು ಮೆಲ್ಲಗೆ ಸರಿಯಿತು.

"ಮಾವ, ಇನ್ನೊಂದು ಎಲೆ ಅಡಿಕೆ ಕೊಡಿ," ಎಂದ ನಾಗಭೂಷಣ.

ಆಟದುದ್ದಕ್ಕೂ ಅವರು ಆ ಮುಸುಕಿಗೆ ಎಲೆ ಮಡಿಸಿ ಕೊಡುತ್ತಾ ಎದೆಯ ಮಾತೆಲ್ಲ ಹೇಳಿಕೊಂಡಿದ್ದರಂತೆ. ಹುಡುಗ ಬಂಗಾರದಂಥವನು ಅವ್ವಾ, ನನ್ನ ಮಗಳೂ ಒಪ್ಪವ್ಳೆ, ಜನದ ಬಾಯಿಗೆ ಹೆದರಿ ಹಂಗಂದೆ, ನೀವೇ ಏನಾರ ದಾರಿ ಮಾಡಿ ಎಂದು. ತಿಪ್ಪೇರುದ್ರಪ್ಪನವರು ನಾಚಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಟವೆಲು ಅಲುಗಾಡತೊಡಗಿತು. ನಗು ತಡೆಯಲಾಗದೆ ಭಾವಿ ಅಳಿಯನ ಬೆನ್ನಿಗೆ ಒಂದು ಗುದ್ದಿ, "ಸೀರೆ ಉಟ್ಟಿದ್ದು ಮಾತ್ರ ನಮ್ಮೂರಾಗೆ ಹೇಳಬ್ಯಾಡಪ್ಪ" ಎಂದರು.

ಮನೆಗೆ ಬಂದ ಮೇಲೆ ಚಂದ್ರಣ್ಣ ಅವ್ವನ ಕಾಲು ಒತ್ತುತ್ತಾ ಕೇಳಿದ. "ಕೊನೆ ಓದಿದ್ಯಲ್ಲವ್ವಾ, ಸಿಟ್ಟು ಬರ್ಲಿಲ್ವಾ?"

"ಬಂತು. ಆಮೇಲೆ ಅಂದ್ಕಂಡೆ, ಊರಿಗೆಲ್ಲ ಗೊತ್ತಾದ ಮ್ಯಾಲೆ ಅದು ಕೊನೇನೇ ಅಲ್ಲ. ಇನ್ನೊಂದು ಕೊನೆ ಮಾಡಿದ್ರಾಯ್ತು ಅಂತ ನಾಗನ್ನ ಕರ್ದು ಹೇಳ್ದೆ. ನಂಗೆ ಎಷ್ಟು ಸಲ ಅವ್ರು ಕೊನೆ ತೋರ್ಸವ್ರೆ, ಒಂದ್ಸಲ ನಾನೂ ತೋರ್ಸಬ್ಯಾಡ್ವಾ?" ಕರಿಯಕ್ಕ ಕಾಲೆಳೆದುಕೊಂಡಳು. "ಈಗ ಕಾಗದ ತಗಾ."

ಚಂದ್ರಣ್ಣ ಹಾಳೆ ತಂದು ಶುರುಮಾಡಿದ. 'ಅಖಿಲ ವಿಶ್ವ ಕಾರ್ಟೂನು ರಸಿಕರ ಹೃದಯ ಸಿಂಹಾಸನಾಧೀಶ್ವರರಾದ...' ಕರಿಯಕ್ಕ ಹಾಳೆ ಕಿತ್ತುಕೊಂಡಳು. ಬೇರೆ ಹಾಳೆಯ ಮೇಲೆ, ರಾತ್ರಿ ಶಾಲೆಯಲ್ಲಿ ಕಲಿತ ಗುಂಡು ಅಕ್ಷರಗಳಲ್ಲಿ, ಒಂದೊಂದು ಅಕ್ಷರಕ್ಕೂ ಉಸಿರು ತೆಗೆದುಕೊಳ್ಳುತ್ತಾ ತಾನೇ ಬರೆದಳು.

'ನಾಯಿಗೆ ದನಿ ಕೊಟ್ಟ ಅಪ್ಪನಿಗೆ ಕರಿಯಕ್ಕ ಮಾಡುವ ನಮಸ್ಕಾರ. ನಾನು ಬಿದ್ದಿದ್ದೆ. ನಿಮ್ಮ ಕಥೆಯ ಕೊನೆ ನೋಡುವುದಕ್ಕೆ ಎದ್ದೆ. ಎದ್ದವಳು ನಡೆಯುತ್ತಾ ಇದ್ದೇನೆ. ನಿಮ್ಮ ಹೊಟ್ಟೆ ತಣ್ಣಗಿರಲಿ. ನಿಮಗೆ ಎಷ್ಟೇ ವರ್ಷವಾದರೂ ಕೊನೆಯನ್ನು ಕೊನೆಗೇ ಹೇಳಿ.'

ಫೋಟೋ ಇಡಲಿಲ್ಲ. ಯಾರೂ ತೆಗೆದಿರಲಿಲ್ಲ; ತೆಗೆಯಬೇಕಾದ ಪ್ರದೀಪ್ ವ್ಯಾನು ಓಡಿಸುತ್ತಿದ್ದ.

ಸೋಮವಾರ ಬೆಳಿಗ್ಗೆ ಅಡುಗೆಮನೆಯ ಗೋಡೆಯಿಂದ ವಿಳಾಸ ನಕಲು ಮಾಡಿದರು. ಗೋಂದು ಉದುರಿದ್ದ ಲಕೋಟೆಗೆ ಪುಷ್ಪಲತಾ ಅನ್ನದ ಅಗುಳು ಒತ್ತಿದಳು. ಆಟೋ ಕರೆಯುತ್ತೇನೆಂದ ಮಗನನ್ನು ಗದರಿ, ಕರಿಯಕ್ಕ ಕೋಲೂರಿಕೊಂಡು ಅಂಚೆ ಕಚೇರಿಯವರೆಗೂ ನಡೆದೇ ಹೋದಳು. ಕೆಂಪು ಡಬ್ಬದ ಮುಂದೆ ನಿಂತು, ಲಕೋಟೆಯನ್ನು ಕಣ್ಣಿಗೊತ್ತಿಕೊಂಡು, ಡಬ್ಬದ ಬಾಯಿಗೆ ಹಿಡಿದಳು.

"ಉತ್ತರ ಬರ್ತದೆ ಅಂತೀಯಾ ಅವ್ವಾ?" ಎಂದ ಚಂದ್ರಣ್ಣ.

"ಥೂ, ಈಗಲೇ ಕೊನೆ ಕೇಳ್ತೀಯಲ್ಲೋ," ಎಂದು ಕರಿಯಕ್ಕ ಕಾಗದವನ್ನು ಒಳಗೆ ಬಿಟ್ಟಳು.